ಕಾವು ಹೋದ ದಾರಿ

ನಮ್ಮ ಪವಿತ್ರಾ ಪಾಸಾದಳು! ನಿನ್ನೆ ಸಂಜೆ ನಾಲ್ಕೂವರೆಗೆ ಫೋನು ಬಂತು, ಇವತ್ತು ಬೆಳಿಗ್ಗೆ ಆಕೆಯೇ ರೈಲಿನಲ್ಲಿ ಬಂದು ಬಳ್ಳಾರಿಯಲ್ಲಿ ಇಳಿದಳು. ಇನ್ನು ಮೇಲೆ ಡಾಕ್ಟರ್ ಪವಿತ್ರಾ. ಸೂಜಿ ಚುಚ್ಚುವ ಡಾಕ್ಟರಲ್ಲ, ಉರಿಯ ಡಾಕ್ಟರು. ಬೆಂಕಿಯ ಬಗ್ಗೆ ಆರು ವರ್ಷ ಓದಿ, ತಲೆದಿಂಬಿನಷ್ಟು ದಪ್ಪ ಪುಸ್ತಕ ಬರೆದು, ಐದು ಮಂದಿ ಪಂಡಿತರ ಮುಂದೆ ನಿಂತು ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬಂದಿದ್ದಾಳೆ ನನ್ನ ಮೊಮ್ಮಗಳು. ಓಣಿಗೆಲ್ಲ ಹೇಳಿಯಾಯಿತು. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ಈಗ ನಿಮಗೆ ಹೇಳುತ್ತಿದ್ದೇನೆ. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ ಸಂತೋಷಕ್ಕೆ ಕೈ ನಿಲ್ಲುತ್ತಿಲ್ಲ ಅಂದುಕೊಳ್ಳಿ.

ಆದರೆ ನಿನ್ನೆಯ ಹಗಲು ನನ್ನ ವೈರಿಗೂ ಬೇಡ. ಹನ್ನೊಂದಕ್ಕೆ ಪರೀಕ್ಷೆ ಶುರು ಎಂದಿದ್ದಳು. ಅಲ್ಲಿಂದ ನಾಲ್ಕೂವರೆಯ ತನಕ ನನ್ನ ಜೀವ ನನ್ನಲ್ಲಿರಲಿಲ್ಲ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದ್ದು ಅಡುಗೆಮನೆಗೆ ಹೋಗಿ ಗ್ಯಾಸಿನ ಗುಂಡಿ ಮುಟ್ಟಿ ನೋಡಿದೆ. ಮತ್ತೆ ಬಂದು ಕೂತೆ, ಮತ್ತೆ ಎದ್ದೆ.

"ಯವ್ವಾ, ಹತ್ತು ಗಂಟಿಗೇ ಆರಿಸೀನಿ. ನೀ ಎಷ್ಟ್ ಸಲ ನೋಡಿದ್ರೂ ಅದು ಆರೇ ಇರ್ತೈತಿ," ಎಂದಳು ಮಗಳು ಗಿರಿಜಾ. ಪವಿತ್ರಾ ಆಕೆಯ ಮಗಳು. ಈಗ ನಾನಿರುವುದೂ ಅವರ ಮನೆಯಲ್ಲೇ.

ಇದು ನನ್ನ ಹಳೆಯ ರೋಗ. ಹೊರಗೆ ಹೊರಡುವ ಮೊದಲು, ಮಲಗುವ ಮೊದಲು, ಕೆಲವೊಮ್ಮೆ ಉಂಡ ತಾಟು ಬಿಟ್ಟು ನಡುವೆಯೇ ಎದ್ದು ಹೋಗಿ ಒಲೆ ಆರಿದೆಯೇ ಎಂದು ನೋಡಬೇಕು. ಮನೆಯಲ್ಲಿ ಇದಕ್ಕೆ 'ಅಜ್ಜಿಯ ರೌಂಡ್ಸು' ಎಂದು ಹೆಸರು. ಪವಿತ್ರಾ ಸಣ್ಣವಳಿದ್ದಾಗ ನನ್ನ ಸೆರಗು ಹಿಡಿದು ಹಿಂದೆ ಹಿಂದೆ ರೌಂಡ್ಸಿಗೆ ಬರುತ್ತಿದ್ದಳು. ಅಳಿಯ ನಗುತ್ತಾರೆ. ನಗಲಿ. ಅವರಿಗೂ ಕಾರಣ ಗೊತ್ತು.

ಇವತ್ತು ಬೆಳಿಗ್ಗೆ ಬ್ಯಾಗು ಇಳಿಸಿದವಳೇ, "ಅಜ್ಜಿ, ಆ ಸ್ಟೋವ್ ಎಲ್ಲೈತಿ? ತೆಗಿ," ಎಂದಳು ಪವಿತ್ರಾ. ಆ ಹಳೆಯ ಪಂಪ್ ಸ್ಟೋವನ್ನು ಅಳಿಯ ಸಜ್ಜದ ಮೇಲಿಂದ ಇಳಿಸಿದರು. ಹಿತ್ತಾಳೆ ಕಪ್ಪಿಟ್ಟಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತೆ. ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದ್ದೇ ತಡ, ನಲವತ್ತು ವರ್ಷದ ಹಿಂದಿನ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಂತು. ಇಷ್ಟು ಸಂತೋಷದ ದಿನವೂ ಮುಚ್ಚಳವನ್ನು ಹಾಗೇ ತಿರುಗಿ ಬಿಗಿದುಬಿಟ್ಟೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಇವತ್ತಿನ ಸಿಹಿಗೆ ಗಿರಿಜಾ ಗೋಧಿ ಹುಗ್ಗಿ ಮಾಡುತ್ತಾಳೆ, ಅದು ಆಗಲು ಇನ್ನೂ ಹೊತ್ತಿದೆ.

ಆಗ ನಾವು ಸಿರುಗುಪ್ಪದಲ್ಲಿದ್ದೆವು. ನಮ್ಮ ಮನೆಯವರದು ಸ್ಟೋವು, ಗ್ಯಾಸ್‌ಲೈಟು ರಿಪೇರಿ ಅಂಗಡಿ. ಮುಂದಿನ ಖೋಲಿಯಲ್ಲಿ ಅಂಗಡಿ, ಹಿಂದಿನ ಖೋಲಿಯಲ್ಲಿ ಸಂಸಾರ. ಕಾಲುವೆ ನೀರು ಬಂದು ಭತ್ತ ಬೆಳೆದ ಮೇಲೆ ಸುತ್ತಲಿನ ಊರುಗಳಲ್ಲಿ ಎಷ್ಟೋ ಮನೆಗೆ ಪಂಪ್ ಸ್ಟೋವು ಬಂದಿತ್ತು. ಹಚ್ಚೊಳ್ಳಿ ಕಡೆಯವರು ಟ್ರ್ಯಾಕ್ಟರಿನಲ್ಲಿ ಕೂತು, ಕೆಟ್ಟ ಸ್ಟೋವನ್ನು ಜ್ವರ ಬಂದ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು.

ಈಗಿನವರಿಗೆ ಆ ಸ್ಟೋವು ಗೊತ್ತಿಲ್ಲ. ಅದಕ್ಕೊಂದು ಹೊಟ್ಟೆ, ಒಂದು ಕೊರಳು. ಹೊಟ್ಟೆಯಲ್ಲಿ ಎಣ್ಣೆ. ಪಂಪು ಹೊಡೆದರೆ ಎಣ್ಣೆ ಕೊರಳಿನಲ್ಲಿ ಏರಿ, ಕಾದ ಬರ್ನರಿನಲ್ಲಿ ಆವಿಯಾಗಿ, ಕೂದಲೆಳೆಯಂಥ ತೂತಿನಿಂದ ಚಿಮ್ಮುತ್ತದೆ. ಚಿಮ್ಮುವಾಗ ಸುತ್ತಲ ಗಾಳಿಯನ್ನೂ ಎಳೆದುಕೊಂಡು ಅದರೊಡನೆ ಬೆರೆಯುತ್ತದೆ. ಮೊದಲು ಬೆರೆಯುವುದು, ಆಮೇಲೆ ಉರಿಯುವುದು. ಹಾಗೆ ಉರಿದರೆ ನೀಲಿ. ಬೆರೆಯದೆ ಉರಿದರೆ ಹಳದಿ, ಪಾತ್ರೆಯ ತಳವೆಲ್ಲ ಮಸಿ. ನೀಲಿ ಉರಿ ಬಾಯಿ ಮುಚ್ಚಿಕೊಂಡು ಇರುವಂಥದ್ದಲ್ಲ, ಭೋರೆಂದು ಕೂಗುತ್ತದೆ. ಅದರೊಳಗೆ ಗಾಳಿ ಸುಳಿಸುಳಿಯಾಗಿ ತಿರುಗುವ ಸದ್ದು ಅದು.

"ಸ್ಟೋವಿನ್ನ ಕಣ್ಣಿಲೆ ನೋಡಬ್ಯಾಡ, ಕಿವಿಲೆ ನೋಡು," ಎನ್ನುತ್ತಿದ್ದರು ನಮ್ಮ ಮನೆಯವರು. ಒಂದೇ ಸಮ ಭೋರ್ ಎಂದರೆ ಆರೋಗ್ಯ. ಸದ್ದು ಒಡೆದು ಪಟಪಟ ಎಂದರೆ ಎಲ್ಲೋ ಕೆಟ್ಟಿದೆ. ನಾನು ಒಳಗೆ ರೊಟ್ಟಿ ಬಡಿಯುತ್ತಲೇ ಅಂಗಡಿಯ ಸದ್ದು ಕೇಳಿ, "ಅದರ ಪಿನ್ನು ಹೊಡೀರಿ, ತೂತು ಕಟ್ಟೈತಿ," ಎಂದು ಕೂಗುವಷ್ಟು ಕಲಿತಿದ್ದೆ. ಕಲಿತಷ್ಟಕ್ಕೆ ನಿಂತಿದ್ದರೆ ಚೆನ್ನಿತ್ತು. ಸೊಕ್ಕೂ ಬಂದಿತ್ತು.

ಬೆಸುಗೆಯಲ್ಲಿ ಎರಡು ಥರ. ಹೊಟ್ಟೆ ಸೋರಿದರೆ ಸೀಸದ ಬೆಸುಗೆ, ಕೊರಳು ಸೋರಿದರೆ ಹಿತ್ತಾಳೆ ಬೆಸುಗೆ. ಸೀಸ ಸಣ್ಣ ಬಿಸಿಗೇ ಕರಗುತ್ತದೆ, ಹಚ್ಚುವುದು ಸುಲಭ. ನಾನೇ ಹಚ್ಚುತ್ತಿದ್ದೆ. ಹಿತ್ತಾಳೆಯದು ದೊಡ್ಡ ಉರಿಯ ಕೆಲಸ, ಅವರೊಬ್ಬರದೇ.

ಎಂಬತ್ತರ ದಶಕದ ಶುರುವಿನ ಮಾತು. ಗಿರಿಜಾಳನ್ನು ಕುರುಗೋಡಿಗೆ ಕೊಟ್ಟು ಆರೇಳು ತಿಂಗಳಾಗಿತ್ತು. ಮದುವೆಯಲ್ಲಿ ಬಳುವಳಿ ಕೊಟ್ಟದ್ದು ಈ ಸ್ಟೋವನ್ನೇ. ಶ್ರಾವಣ ಬಂತು, ಪಂಚಮಿಗೆ ತವರಿಗೆ ಬಂದ ಮಗಳು ಕೈಚೀಲದಲ್ಲಿ ಸ್ಟೋವನ್ನೂ ತಂದಿದ್ದಳು. "ಸೋರತೈತಿ ಯವ್ವಾ. ಸೋಮಾರ ಮನ್ಯಾಗ ಜಂಗಮರ ಊಟ ಐತಿ. ಅತ್ತಿ ಅಷ್ಟರೊಳಗ ಸ್ಟೋವ್ ಬೇಕಂತ ಹೇಳ್ಯಾರ." ನಮ್ಮ ಮನೆಯವರು ವಾಷರು, ಪಿನ್ನು ತರಲು ಬಳ್ಳಾರಿಗೆ ಹೋಗಿದ್ದರು. ಅವರು ತಿರುಗಿ ಬರುವ ಮೊದಲೇ ಮಗಳು ಹೊರಡಬೇಕಿತ್ತು, ಬೆಸುಗೆಗೆ ನಾನೇ ಕೂತೆ.

ಸೋರುತ್ತಿದ್ದದ್ದು ಕೊರಳೂ ಅಲ್ಲದ ಹೊಟ್ಟೆಯೂ ಅಲ್ಲದ ಜಾಗ. ಎರಡೂ ಕೂಡುವಲ್ಲಿ. ನಾನು ಅದನ್ನು ಹೊಟ್ಟೆ ಎಂದು ತೀರ್ಮಾನ ಮಾಡಿದೆ. ಉರಿ ಇರುವುದು ಮೇಲೆ, ಕಾವು ಹೋಗುವುದೂ ಮೇಲಕ್ಕೆ, ಕೆಳಗಿನ ಸೀಸಕ್ಕೆ ಏನಾದೀತು? ತಿಕ್ಕಿ, ಸೀಸ ಹಚ್ಚಿ, ಅದರ ಮೇಲೆ ಚಹಾ ಕಾಸಿ ಕುಡಿದೆವು. ಒಂದು ಹನಿ ಸೋರಲಿಲ್ಲ. "ಅಪ್ಪಗಿಂತ ಛಲೋ ಹಚ್ಚಿದಿ ನೋಡವ್ವ," ಎಂದು ಮಗಳು ಹೊಗಳಿದಳು. ನಾನು ಉಬ್ಬಿದೆ.

ಸೋಮವಾರ ಬೆಳಿಗ್ಗೆ ನಮ್ಮ ಮನೆಯವರು ಚಹಾ ಕುಡಿಯುತ್ತಿದ್ದಾಗ ಜಂಬದಿಂದ ಹೇಳಿದೆ. ಅವರು ಕೇಳಿದರು, "ಎಲ್ಲಿ ಹಚ್ಚಿದಿ? ತೋರಸು." ಅಂಗಡಿಯಲ್ಲಿದ್ದ ಇನ್ನೊಂದು ಸ್ಟೋವಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಬಸಿಯನ್ನು ಕೆಳಗಿಟ್ಟರು.

"ಸೀಸಾನ?"

"ಹೂಂ. ಚಾ ಕಾಸಿ ನೋಡೀನಿ. ಏನಾಗಿಲ್ಲ."

"ಚಾದ ಪಾತ್ರಿಗೆ ಏನೂ ಆಗಂಗಿಲ್ಲ. ಅಗಲ ಪಾತ್ರಿ ಇಟ್ರ ಉರಿಗೆ ಮ್ಯಾಲೆ ಹೋಗಾಕ ದಾರಿ ಇಲ್ಲ. ಹೊಳ್ಳಿ ಕೆಳಗ ಬರ್ತೈತಿ, ಹೊಟ್ಟಿ ಕಾಯ್ತೈತಿ. ಸೀಸ ನಿಂದ್ರತೈತೇನು?" ಎದ್ದು ನಿಂತು ಕೇಳಿದರು, "ಗಿರಿಜಿ ಇವತ್ತು ಅದರ ಮ್ಯಾಲೆ ಏನು ಮಾಡ್ತಾಳ?"

ಜಂಗಮರ ಊಟ. ಹನ್ನೆರಡು ಮಂದಿಗೆ ಗೋಧಿ ಹುಗ್ಗಿ. ಹನ್ನೆರಡು ಮಂದಿಯ ಹುಗ್ಗಿ ಎಂಥ ಪಾತ್ರೆಯಲ್ಲಿ ಕುದಿಯುತ್ತದೆ ಎಂದು ನಿಮಗೂ ಗೊತ್ತು.

ಆ ಕಾಲದಲ್ಲಿ ಸ್ಟೋವು ಸಿಡಿದ ಸುದ್ದಿ ಕೇಳದ ತಿಂಗಳಿರಲಿಲ್ಲ. ಪ್ರತಿ ಸಲವೂ ಹೊಸ ಸೊಸೆಯೇ. ಕೆಲವು ತಾವಾಗಿ ಸಿಡಿದವು, ಕೆಲವನ್ನು ಯಾರೋ ಸಿಡಿಸಿದರು ಎಂದು ನಲ್ಲಿಯ ಹತ್ತಿರ ಹೆಂಗಸರು ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದರು. ನನ್ನ ಮಗಳಿಗೆ ಅತ್ತೆಯ ಭಯವಿರಲಿಲ್ಲ. ಆಕೆಯ ಸ್ಟೋವಿಗೆ ಕೇಡು ಹಚ್ಚಿ ಕಳಿಸಿದವಳು ಹೆತ್ತ ತಾಯಿ, ನಾನು.

"ಬೆಸಿಗಿ ಸಾಮಾನು ತಗಂಡು ನಾನೂ ಬರ್ತೀನಿ, ತಡಿ," ಎಂದರು. ನಾನು ತಡೆಯದೆ ಓಡಿದೆ. ಸೆರಗಿನ ತುದಿಯಲ್ಲಿ ಇದ್ದ ಚಿಲ್ಲರೆ ಬಿಟ್ಟರೆ ಬರಿಗೈ. ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದು, ಒಂದು ಹಣ್ಣಾದರೂ ಬೇಕು. ಅದೆಲ್ಲ ನೆನಪಾದದ್ದು ಬಸ್‌ಸ್ಟ್ಯಾಂಡಿನಲ್ಲಿ.

ಶ್ರಾವಣ ಸೋಮವಾರದ ಬಸ್ಸು. ಬಾಗಿಲಿಗೆ ಮಂದಿ ಜೇನುಹುಳದಂತೆ ಮುತ್ತಿದ್ದರು. ನಾನು ಎಲ್ಲರ ಹಿಂದೆ. ನನ್ನ ಮುಂದೆ ತರಕಾರಿ ಪುಟ್ಟಿಯವಳು, ಅವಳ ಮುಂದೆ ಬೆಲ್ಲದ ಮೂಟೆಯವನು. ಹಿಂದಿನಿಂದ ಇನ್ನೊಂದು ಹಿಂಡು ಬಂದು ನೂಕಿತು ನೋಡಿ, ಏನಾಯಿತೋ ತಿಳಿಯದು, ನಾನು ಪುಟ್ಟಿಯ ಪಕ್ಕದಿಂದ, ಮೂಟೆಯ ಸಂದಿಯಿಂದ ಜಾರಿ ಒಳಗೆ ಹೋಗಿ ಡ್ರೈವರನ ಪಕ್ಕದಲ್ಲಿ ನಿಂತಿದ್ದೆ! ನೂಕಿದ್ದು ಎಲ್ಲರನ್ನೂ ಒಂದೇ ಸಮ. ಆದರೆ ಮೂಟೆಯವನು ಒಂದು ಮೊಳ ಸರಿದಿದ್ದ, ನಾನು ಇಡೀ ಬಸ್ಸು ದಾಟಿದ್ದೆ. ತಿರುಗಿ ನೋಡಿದರೆ ನನ್ನ ಹಾಗೆ ಕೈಯಲ್ಲಿ ಏನೂ ಇಲ್ಲದವರೆಲ್ಲ ಮುಂದೆ ಬಂದು ಸೇರಿದ್ದರು.

"ಏನ್ರಪಾ ಇದು, ಖಾಲಿ ಕೈಯೋರೆಲ್ಲಾ ಮುಂದ, ಗಂಟಿನೋರೆಲ್ಲಾ ಬಾಗ್ಲದಾಗ! ಜರುಗ್ರಿ, ಜರುಗ್ರಿ!" ಎಂದು ಕೂಗುತ್ತಾ ಕಂಡಕ್ಟರು ಮಂದಿಯ ನಡುವೆ ನುಗ್ಗಿದ.

ತೆಕ್ಕಲಕೋಟೆಯಲ್ಲಿ ಡ್ರೈವರ್ ಚಹಾಕ್ಕೆ ಇಳಿಯಹೊರಟ. ನಾನು ಅವನ ಅಂಗಿಯ ತೋಳು ಹಿಡಿದೆ. "ಇಳೀಬ್ಯಾಡಪ್ಪಾ. ನನ್ನ ಮಗಳ ಮನ್ಯಾಗ ಹುಗ್ಗಿ ಕುದಿಯಾಕ ಹತ್ತೈತಿ, ಜಲ್ದಿ ಹೋಗಬೇಕು."

ಇಡೀ ಬಸ್ಸು ನಕ್ಕಿತು. "ಹುಗ್ಗಿ ಆರೋದ್ರಾಗ ಮುಟ್ಟಿಸ್ತೀನಿ ಬಿಡವ್ವ," ಎಂದ ಡ್ರೈವರು. ಹಿಂದಿನಿಂದ ಯಾರೋ, "ತುಪ್ಪ ಮರೀಬ್ಯಾಡಬೇ ಅಮ್ಮಾ!" ಎಂದ. ನನ್ನ ಕಣ್ಣಲ್ಲಿ ನೀರು ನೋಡಿ ಡ್ರೈವರನ ನಗೆ ನಿಂತಿತು. ಏನೂ ಕೇಳದೆ ಗಾಡಿ ಬಿಟ್ಟ. ಕ್ರಾಸಿನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದೆ. ಕುರುಗೋಡಿನ ಗುಡ್ಡ ದೂರದಿಂದ ಕಂಡದ್ದು ಕಂಡಂತೆಯೇ ಇತ್ತು, ಹತ್ತಿರವೇ ಬರಲೊಲ್ಲದು. ಅದರ ಮೇಲೆ ಹೊಗೆ ಏಳುತ್ತಿದೆಯೇ ಎಂದು ನೋಡುತ್ತಿದ್ದೆ. ಎಂಥ ಮರುಳು!

ಮಗಳ ಓಣಿಯ ಬಾಯಿಗೇ ಸ್ಟೋವಿನ ಸದ್ದು ಕೇಳಿತು. ಸದ್ದು ಇದೆ ಎಂದರೆ ಮಗಳು ಇದ್ದಾಳೆ. ಮರುಗಳಿಗೆಯೇ ಕಿವಿ ಇನ್ನೊಂದು ಹೇಳಿತು. ಸದ್ದು ಒಡೆದಿದೆ. ಭೋರ್ ಎನ್ನುವ ನಡುವೆ ಪಟ್, ಪಟ್.

ಓಡಿದೆ. ಪಡಸಾಲೆಯಲ್ಲಿ ಜಂಗಮರು ಸಾಲಾಗಿ ಕೂತಿದ್ದರು. ಒಳಗೆ ಸಣ್ಣ ಸ್ಟೋವಿನ ಮೇಲೆ ಬಂಡಿಗಾಲಿಯಂಥ ಪಾತ್ರೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹುಗ್ಗಿ ತಿರುವುತ್ತಿದ್ದ ನನ್ನ ಮಗಳು, ಆಕೆಯ ಸೆರಗು ಉರಿಗೆ ಗೇಣು ದೂರ. ಬೀಗತಿ ಶಂಕ್ರಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಬೀಗತಿ ಬಂದ್ರು! ಬರಿಗೈಲೇ ಬಂದಂಗೈತಿ?" ಎಂದರು.

ನಾನು ಮಗಳ ರಟ್ಟೆ ಹಿಡಿದು ಹಿಂದೆ ಎಳೆದೆ, ಬಗ್ಗಿ ಗಾಳಿ ಬಿಡುವ ಸ್ಕ್ರೂ ತಿರುಗಿಸಿದೆ. ಬುಸ್ ಎಂದು ಗಾಳಿ ಹೋಯಿತು. ಉರಿ ಕುಗ್ಗಿ, ನೀಲಿ ಹಳದಿಯಾಗಿ, ಆರಿತು. ಕುದಿಯುವ ಹುಗ್ಗಿಯ ಗುಳ್ಳೆಯ ಸದ್ದೊಂದೇ ಉಳಿಯಿತು.

"ಜಂಗಮರು ಊಟಕ್ಕ ಕುಂತಾರ, ನೀವು ಒಲಿ ಆರಿಸೀರಿ!" ಶಂಕ್ರಮ್ಮನವರು ಪಡಸಾಲೆಯ ಕಡೆ ನೋಡಿದರು. "ಏನು ಶಕುನ ಇದು?"

ಸುಳ್ಳು ಹೇಳಬಹುದಿತ್ತು. ಎಣ್ಣೆ ಸರಿಯಿಲ್ಲ, ತೂತು ಕಟ್ಟಿದೆ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ತವರಿನ ಮರ್ಯಾದೆಯೂ ಉಳಿಯುತ್ತಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ. "ನಾ ಹಚ್ಚಿದ ಬೆಸಿಗಿ ತಪ್ಪೈತಿ ರೀ. ನನ್ನ ಸೊಕ್ಕಿಲೆ ಹಚ್ಚೀನಿ."

ಪಾತ್ರೆ ಇಳಿಸಿದರು. ಸ್ಟೋವಿನ ಹೊಟ್ಟೆ ಮುಟ್ಟಲು ಆಗದಷ್ಟು ಕಾದಿತ್ತು. ನನ್ನ ಬೆಸುಗೆ ಕರಗಲು ಬಂದ ಬೆಣ್ಣೆಯಂತೆ ಮಿಂಚುತ್ತಿತ್ತು, ಅದರ ಅಂಚಿನಲ್ಲಿ ಎಣ್ಣೆಯ ಒಂದು ಹನಿ. ಶಂಕ್ರಮ್ಮನವರು ಪೊರಕೆಯ ಕಡ್ಡಿ ಮುರಿದು ಅಲ್ಲಿ ಒತ್ತಿದರು. ಕಡ್ಡಿ ಒಳಗೆ ಇಳಿಯಿತು. ಅವರು ಆ ಕಡ್ಡಿಯನ್ನು ನೋಡಿದರು, ಗಿರಿಜಾಳನ್ನು ನೋಡಿದರು, ನೆಲಕ್ಕೆ ಕೂತುಬಿಟ್ಟರು. ಆಮೇಲೆ, "ಕಟಿಗಿ ಒಲಿ ಹಚ್ರಿ," ಎಂದಷ್ಟೇ ಹೇಳಿದರು.

ಜಂಗಮರ ಊಟ ಒಂದು ತಾಸು ತಡವಾಯಿತು. ಕೊನೆಗೆ ಹೆಂಗಸರು ಉಣ್ಣಲು ಕೂತಾಗ ನಾನು ತಲೆ ಎತ್ತಲಿಲ್ಲ. ಬೈಗುಳಕ್ಕೆ ಕಾಯುತ್ತಿದ್ದೆ. ಶಂಕ್ರಮ್ಮನವರು ನನ್ನ ತಾಟಿಗೆ ತಾವೇ ಹುಗ್ಗಿ ಬಡಿಸಿ, ಮೇಲೆ ತುಪ್ಪ ಸುರಿದು ಹೇಳಿದರು, "ಬರಿಗೈಲೆ ಬಂದ್ರಿ ಅಂದ್ಕಂಡಿದ್ದೆ. ನನ್ನ ಸೊಸೀನ ತಂದ್ಕೊಟ್ರಿ. ಉಣ್ರಿ. ಮುಂದಿನ ಸಲ ಮಾತ್ರ ಬಾಳೆಹಣ್ಣು ತರ್ರಿ."

ಆ ಮಾತು ಮುಗಿಯುವುದಕ್ಕೂ ನಮ್ಮ ಮನೆಯವರು ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಯಾಯಿತು. ಒಂದು ಕೈಯಲ್ಲಿ ಬೆಸುಗೆಯ ಪೆಟ್ಟಿಗೆ, ಇನ್ನೊಂದರಲ್ಲಿ ಬಾಳೆಹಣ್ಣಿನ ಚಿಪ್ಪು. "ಸಾಮಾನಿನ ಸಲುವಾಗಿ ಒಂದು ಬಸ್ಸು ತಪ್ತು, ಇನ್ನೊಂದರಾಗ ಬಾಗ್ಲಕ್ಕ ಜೋತು ಬಿದ್ದು ಬಂದೆ," ಎಂದರು. ಸಂಜೆಯೊಳಗೆ ಹಿತ್ತಾಳೆ ಬೆಸುಗೆ ಹಾಕಿದರು. ಅವರು ಹೋಗಿ ಹತ್ತು ವರ್ಷವಾಯಿತು. ಬೆಸುಗೆ ಹಾಗೇ ಇದೆ. ಇವತ್ತು ಹುಣಸೆಹಣ್ಣು ಹಚ್ಚಿದಾಗ ಮೊದಲು ಹೊಳೆದದ್ದು ಅದೇ.

ನನ್ನ ರೌಂಡ್ಸು ಶುರುವಾದದ್ದು ಆ ದಿನದಿಂದ.

ಕೆಲವು ವರ್ಷಗಳ ಹಿಂದೆ ಪವಿತ್ರಾ ರಜೆಗೆ ಬಂದಾಗ, ನಾನು ಚವಳಿಕಾಯಿ ಮುರಿಯುತ್ತಾ, "ಬೆಂಕಿಯೊಳಗ ಓದೋದು ಏನೈತಬೇ?" ಎಂದು ಕೇಳಿದ್ದೆ.

"ಅಜ್ಜಿ, ಸಾರಿಗೆ ಒಂದ್ ಕಡೆ ಉಪ್ಪು ಹಾಕಿ ಸೌಟು ಆಡಿಸಿದ್ರ ಉಪ್ಪು ಎತ್ತ ಹೋಗ್ತೈತಿ?"

"ಇದ್ದಲ್ಲಿಂದ ಇಲ್ಲದಲ್ಲಿಗೆ. ಮತ್ತೆತ್ತ?"

"ಉರಿಯೊಳಗ ಸುಳಿ ಇರ್ತಾವಲ್ಲ, ಅವೂ ಸೌಟಿನಂಗ. ಕಾವನ್ನ ಬಿಸಿ ಕಡಿಯಿಂದ ತಣ್ಣನ ಕಡಿಗೆ ಒಯ್ಯಬೇಕು. ಆದ್ರ ಗಾಳಿ, ಆವಿ ಮೊದ್ಲ ಬೆರೆತು ಉರಿಯೋ ಉರಿಯೊಳಗ ಒಮ್ಮೊಮ್ಮೆ ಉಲ್ಟಾ ಆಗ್ತೈತಿ. ಕಾವು ತಿರುಗಿ ಬಿಸಿ ಕಡಿಗೇ ಹೋಗ್ತೈತಿ."

"ಅದ್ಯಾಕ?"

"ಸುಟ್ಟ ಗಾಳಿ ಹಗುರ, ಸುಡದ ಗಾಳಿ ಭಾರ. ನೂಕೋದು ಎರಡಕ್ಕೂ ಒಂದೇ. ಹಗುರಾದದ್ದು ಮುಂದ ಓಡ್ತೈತಿ, ಭಾರಾದದ್ದು ಹಿಂದ ಉಳೀತೈತಿ. ಬೆರೆಯೋ ಬದ್ಲಿ ಬ್ಯಾರೆ ಬ್ಯಾರೆ ಆಗ್ತಾವ."

ಚವಳಿಕಾಯಿ ಕೈಯಿಂದ ಬಿತ್ತು. "ಅದು ನನಗ ಗೊತ್ತೈತಿ," ಎಂದೆ. ಬಸ್ಸಿನ ಬಾಗಿಲಿನ ಕಥೆ ಹೇಳಿದೆ. ಹುಗ್ಗಿಯ ಕಥೆ ಆಕೆ ನೂರು ಸಲ ಕೇಳಿದ್ದಳು, ಬಾಗಿಲಿನದನ್ನು ನಾನು ಯಾವತ್ತೂ ಹೇಳಿರಲಿಲ್ಲ, ಅದರಲ್ಲಿ ಹೇಳುವಂಥದ್ದು ಏನಿದೆ ಎಂದು. ಆಕೆ ಬಾಯಿ ತೆರೆದು ಕೂತಳು.

"ಹಂಗಾರ ನನ್ನ ಸ್ಟೋವಿನ ಕಾವು ಕೆಳಗ ಬಂದದ್ದೂ ಇದಕ್ಕೇನಾ?" ಎಂದು ಕೇಳಿದೆ, ದೊಡ್ಡ ಪಂಡಿತಳಂತೆ.

"ಅಲ್ಲಜ್ಜಿ. ಅದು ಪಾತ್ರಿ ಅಡ್ಡ ಬಂದು ಉರಿ ಹೊಳ್ಳಿದ್ದು, ಅದು ಬ್ಯಾರೆ. ಆದ್ರ ನಿನ್ನ ಬಸ್ಸು ಬರಾಬರಿ ಐತಿ."

"ಮತ್ತ ಕಂಡಕ್ಟರ್ ನಡುವ ನುಗ್ಗಿ ಎಲ್ಲಾರ್ನೂ ಕಲಸಿಬಿಟ್ಟನಲ್ಲ? ಕಡೀಗೆ ಮೂಟಿಯಾವ ನನ್ನ ಪಕ್ಕಕ್ಕ ಬಂದಿದ್ದ."

"ಹೌದು! ಸುಳಿ ಭಾಳ ಜೋರಾದ್ರ ಮತ್ತ ಉಪ್ಪಿನ ಲೆಕ್ಕಾನ. ಯಾವಾಗ ಉಪ್ಪಿನ ಲೆಕ್ಕ, ಯಾವಾಗ ಬಸ್ಸಿನ ಲೆಕ್ಕ, ಅದ ನೋಡಜ್ಜಿ ನಾ ಓದೋದು."

ನಿನ್ನೆಯ ಪರೀಕ್ಷೆಯಲ್ಲಿ, ಎಲ್ಲ ಮುಗಿದ ಮೇಲೆ, ಬಿಳಿಗೂ‌ದಲಿನ ಒಬ್ಬರು ಕೇಳಿದರಂತೆ, ಇದನ್ನೆಲ್ಲ ಓದದವರಿಗೂ ತಿಳಿಯುವ ಹಾಗೆ ಹೇಳಮ್ಮ ಎಂದು. ಆಕೆ, "ನಮ್ಮಜ್ಜಿ ಒಂದು ದಿನ ಬರಿಗೈಲಿ ಬಸ್ಸು ಹತ್ತಿದಳು," ಎಂದು ಶುರು ಮಾಡಿದಳಂತೆ. ಐದೂ ಮಂದಿ ನಕ್ಕರಂತೆ. ಕೊನೆಗೆ ಅವರು ಕೇಳಿದ ಪ್ರಶ್ನೆ ಉರಿಯದ್ದಲ್ಲ, "ಹುಗ್ಗಿ ಏನಾಯಿತು?" ಎಂದು. ನನ್ನ ಜೀವಮಾನದ ನಾಚಿಕೆ ಅಷ್ಟು ದೊಡ್ಡವರ ಮುಂದೆ ಹೋಗಿ ಮೊಮ್ಮಗಳಿಗೆ ಆಸರೆಯಾಗಿ ನಿಂತಿತಲ್ಲ! ಯಾವ ಕಾವು ಎತ್ತ ಹೋಗಿ ಮುಟ್ಟುತ್ತದೋ, ಹಚ್ಚಿದವರಿಗೆ ಏನು ಗೊತ್ತು.

ಇಲ್ಲಿಯ ತನಕ ಬರೆದಿಟ್ಟು ಎದ್ದಿದ್ದೆ, ಉಳಿದದ್ದನ್ನು ಉಂಡ ಮೇಲೆ ಬರೆಯುತ್ತಿದ್ದೇನೆ. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಅಳಿಯ, ಗಿರಿಜಾ, ಪವಿತ್ರಾ, ನಾನು, ಗೋಡೆಗೆ ದಿಂಬು ಕೊಟ್ಟು ಕೂರಿಸಿದ ಶಂಕ್ರಮ್ಮನವರು. ತೊಂಬತ್ತರ ಹತ್ತಿರ ಅವರಿಗೆ, ಹಲ್ಲಿಲ್ಲ, ನಾಲಿಗೆ ಇದೆ. ಮೂಲೆಯಲ್ಲಿ ಹೊಳೆಯುವ ಸ್ಟೋವು. ಗೋಧಿ ಹುಗ್ಗಿ ಬಂತು, ತುಪ್ಪ ಬಂತು. "ಬೀಗತಿ, ಈ ಸಲನಾರ ಉಂಡು ಮುಗಿಯೋತನ ಒಲಿ ಆರಿಸಬ್ಯಾಡ್ರಿ," ಎಂದರು ಶಂಕ್ರಮ್ಮನವರು. ಎಲ್ಲರೂ ನಕ್ಕರು.

ಎರಡು ತುತ್ತು ಉಂಡಿರಬೇಕು. ಅಡುಗೆಮನೆಯ ಕಡೆಗೆ ನನ್ನ ಕಿವಿ ಹೋಯಿತು. ಮೊಣಕಾಲಿಗೆ ಕೈ ಊರಿ ಏಳಬೇಕು, ಅಷ್ಟರಲ್ಲಿ ಪವಿತ್ರಾ ಎದ್ದಳು. ಎಂಜಲು ಕೈಯನ್ನು ಮೇಲೆ ಹಿಡಿದುಕೊಂಡು ಒಳಗೆ ಹೋದಳು, ಗ್ಯಾಸಿನ ಮುಂದೆ ಬಗ್ಗಿ ನೋಡಿದಳು, ಎಡಗೈಯಿಂದ ಗುಂಡಿ ಮುಟ್ಟಿದಳು, ಬಂದು ಕೂತಳು.

"ಏನಾತಬೇ?" ಎಂದೆ.

"ಏನಿಲ್ಲಜ್ಜಿ. ಆರೈತಿ. ಉಣ್ಣು."

ಊರಿದ ಕೈ ತೆಗೆದೆ. ತಾಟು ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡೆ.